ಗಾಳಿ ಬಾಬ್ತು

ಆಚಾರ್ಯರ ಮೊಮ್ಮಗ ಲೆಕ್ಕದ ಪುಸ್ತಕ ತಂದು ಮೇಜಿನ ಮೇಲಿಟ್ಟರು,
ನುಸಿಗುಳಿಗೆಯ ವಾಸನೆ, ಜೊತೆಗೆ ಕಾಫಿ.
‘ನಿಮ್ಮ ಕಡೆಯವರ ಹೆಸರೇನೂ ಇದರಲ್ಲಿಲ್ಲಮ್ಮ,
ಬೇಕಾದರೆ ನೋಡಿ’ ಅಂದರು.
ನೋಡಿದೆ.

ಶಿವಮೊಗ್ಗೆಗೆ ರೈಲು ಬಂದು ಮೂರು ವರ್ಷ,
ರೈಲಿನ ಹಿಂದೆ ಇಲಿ, ಇಲಿಯ ಹಿಂದೆ ಪ್ಲೇಗು.
ಕೋಟೆ ಬೀದಿಯ ಕದಗಳಿಗೆ ಸುಣ್ಣದ ಗೀಟು ಬಿದ್ದು
ಊರಿಗೆ ಊರೇ ತಟ್ಟಿ, ಗಳ ಹೊತ್ತು
ಸ್ಟೇಷನ್ನಿನಾಚೆ ಬಯಲಿಗೆ ಬಂತು.
ಬಂದರೇನು, ಗುಡಿಸಲುಗಳೂ ಜಾತಿ ಕೇಳಿಯೇ ಸಾಲು ನಿಂತವು:
ಮೂಡಲಿಗೆ ಅಗ್ರಹಾರ, ಪಡುವಲಿಗೆ ನಾವು,
ನಡುವೆ ನೂರು ಗಜ,
ಗಾಳಿ ಕೂಡ ಸೋಕದಿರಲೆಂದು
ಅಮಲ್ದಾರರೇ ಹಗ್ಗ ಹಿಡಿಸಿ ಅಳೆದು ಬಿಟ್ಟ ಖಾಲಿ ಜಾಗ.

ಆ ಖಾಲಿಯಲ್ಲೇ ಆಟ ಶುರುವಾದದ್ದು.

ಟಿಂಬರ್ ಡಿಪೋದ ದೊರೆ ಸೀಮೆಗೆ ಹೊರಟಾಗ ಬಿಟ್ಟುಹೋದ ಚೆಂಡು:
ತೊಗಲು ಹರಿದಿತ್ತು, ಒಳಗಿನ ರಬ್ಬರು ಚೀಲ ಮಾತ್ರ ಗಟ್ಟಿ.
ಮೊದಲು ಒದ್ದವನು ಫೈರ್‌ಮನ್ ಬಸ್ತ್ಯಾಂವ,
ತಡೆದವನು ಮಾವುತ ದಸ್ತಗೀರ,
ಆನೆಗೆ ಹೇಳುವ ಹಾಗೆ ‘ಹತ್, ಹತ್’ ಎಂದು ಚೆಂಡಿಗೂ ಹೇಳುತ್ತ.
ಪಾಯಿಂಟ್ಸ್‌ಮನ್ ಗುರುಶಾಂತಪ್ಪನಿಗೆ ಒಂದೇ ಚಿಂತೆ,
ಎದೆಗೆ ಬಂದರೆ ಕರಡಿಗೆಗೆ ಪೆಟ್ಟು;
ಬೆನ್ನಿಗೆ ತಿರುಗಿಸಿ ಕಟ್ಟಿಕೊಂಡ.
ಗುಮಾಸ್ತೆ ಶೇಷಗಿರಿ ಆಚಾರ್ಯರು ಬರೀ ಲೆಕ್ಕ ಬರೆಯಲು ಕೂತವರು.
ಒಂದು ಸಂಜೆ ಚೆಂಡು ನೆಟ್ಟಗೆ ಹಣೆಗೇ ಬಂತು.
ಅಂಗಾರ ಅಕ್ಷತೆ ತೊಗಲಿಗೆ, ತೊಗಲಿನ ಕೆಸರು ಹಣೆಗೆ,
ಗೋಲು!
ರಾತ್ರಿ ತುಂಗೆಯಲ್ಲಿ ಮೂರು ಮುಳುಗು.
ಮರುದಿನ ಕಚ್ಚೆ ಬಿಗಿದು ತಾವಾಗಿಯೇ ಬಂದರು.

ಹರಿದದ್ದನ್ನು ಹೊಲಿದುಕೊಟ್ಟವನು ನನ್ನ ಮುತ್ತಜ್ಜ, ಹುಚ್ಚೆಂಗಪ್ಪ.
ಹೊಲಿದರೆ ಮುಗಿಯಿತೆ? ಚೀಲಕ್ಕೆ ಉಸಿರು ಬೇಕು.
ನಳಿಗೆಗೆ ಬಾಯಿಟ್ಟರೆ ಎಂಜಲು,
ಒಬ್ಬರ ಎಂಜಲಿಗೆ ಇನ್ನೊಬ್ಬರು ಹೇಗೆ ಬಾಯಿಡುವುದು?
ಎರಡು ದಿನ ಸಭೆ.
ಕೊನೆಗೆ ‘ಊದುವವನು ಒಬ್ಬನೇ ಇರಲಿ’ ಎಂದು ಠರಾವು.
ಸಂಘದ ಮೊದಲ ಠರಾವು ಅದೇ,
ಹೆಸರಿಟ್ಟದ್ದು ಆಮೇಲೆ.

ಬೆರಳಿಟ್ಟು ಓದುತ್ತೇನೆ:
ನೂಲು, ಮೇಣ, ಒಂದಾಣೆ.
ಬಿದಿರು ಗಳ ನಾಲ್ಕು, ಡಿಪೋದಿಂದ, ಪುಕ್ಕಟೆ.
ಗಾಳಿ, ಎರಡು ಕಾಸು.
ಬೆಲ್ಲ, ನಿಂಬೆಹಣ್ಣು, ಒಂಬತ್ತು ಕಾಸು.
ಗಾಳಿ, ಎರಡು ಕಾಸು.
ಗಾಳಿ, ಎರಡು ಕಾಸು.
ಒಟ್ಟು ಮೂವತ್ತೊಂದು ಸಲ.
ಕೂಡಿಸಿದೆ: ಐದಾಣೆ ಎರಡು ಕಾಸು.
ನೂರು ಗಜ ದೂರ ನಿಲ್ಲಬೇಕಾದವನ ಎದೆಗೂಡು
ಸಂಜೆಯೆಲ್ಲ ಅವರ ಕಾಲಿಂದ ಕಾಲಿಗೆ ಓಡಾಡಿದ್ದಕ್ಕೆ.
ಅವನು ಆಡಿದ ಹಾಗೆ ಎಲ್ಲೂ ಬರೆದಿಲ್ಲ.

ಪ್ಲೇಗು ಹೋಯಿತು. ಗುಡಿಸಲು ಸುಟ್ಟರು.
ಊರು ಮತ್ತೆ ಊರೊಳಗೆ ಹೋಯಿತು,
ಬಯಲಲ್ಲಿ ಉಳಿದದ್ದು ನಾಲ್ಕು ಬಿದಿರು.
ಬೆಂಗಳೂರಿಂದ ತರಿಸಿದ ಪಂಪು, ಒಂದು ರೂಪಾಯಿ ನಾಲ್ಕಾಣೆ.
ಕೆಳಗೆ ದುಂಡು ಅಕ್ಷರದಲ್ಲಿ:
ಗಾಳಿ ಬಾಬ್ತು ಇಂದಿನಿಂದ ವಜಾ.
ಮುಂದಿನ ಪುಟ ಗೆದ್ದಲು ತಿಂದಿದೆ.
ಅಂಚಿನಲ್ಲಿ ‘ಸೀಟಿ, ಎಂಟಾಣೆ’ ಎಂದಷ್ಟೇ ಉಳಿದಿದೆ,
ಊದಿದವರಾರೋ.

‘ಹೇಳಿದೆನಲ್ಲ, ಹೆಸರಿಲ್ಲ’ ಅಂದರು.
ಕಾಫಿ ಆರಿತ್ತು. ಕುಡಿದೆ.

ಮುಪ್ಪಿನಲ್ಲಿ ಅವನಿಗೆ ಗೂರಲು, ಅಜ್ಜಿ ಹೇಳುತ್ತಿದ್ದಳು.
ಸಂಜೆ ಐದರ ಗಾಡಿ ಕೂಗಿತೋ
ಚಾಪೆಯಲ್ಲಿ ಎದ್ದು ಕೂತು
ಎರಡೂ ಅಂಗೈ ಬಟ್ಟಲು ಮಾಡಿ
ತುಟಿ ಚೂಪು ಮಾಡುತ್ತಿದ್ದನಂತೆ;
ಎದುರಿಗೆ ಮಕ್ಕಳು ಕುಕ್ಕುರುಗಾಲಲ್ಲಿ ಕೂತು
ಎಣಿಸುತ್ತಿದ್ದರಂತೆ,
ಎಷ್ಟು ಊದಿದರೆ ತುಂಬೀತು ಎಂದು.